ಎರಡು ದೇಶಕ್ಕೆ ಆಡಿದವಳು, ಒಂದಕ್ಕೂ ಆಡದ ನಾವು

ರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು. ಆ ಪದವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಈ ಬಹಿರಂಗ ಪತ್ರ ಓದಿದ ಮೇಲೆ ನೀವೇನು ಮಾಡುತ್ತೀರಿ ಎಂಬುದನ್ನು ನೋಡಿ ಕೊಡುತ್ತೇನೆ.

ಕಳೆದ ವಾರ ನಿಮ್ಮ ಮಂಡಳಿ ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟಿತು. ಎರಡು ದೇಶಗಳ ಪರವಾಗಿ ಆಡಿದ ಆಟಗಾರ್ತಿ ಎಂದು ಹೊರದೇಶದಲ್ಲಿ ಸನ್ಮಾನಗೊಂಡ ಲೆಗ್ ಸ್ಪಿನ್ನರ್ ನಮ್ಮ ದೇಶವನ್ನು ಎಂದೂ ಅಧಿಕೃತವಾಗಿ ಪ್ರತಿನಿಧಿಸಿಲ್ಲವಂತೆ. ಮಂಡಳಿಯಲ್ಲಿ ಮಹಿಳಾ ವಿಭಾಗ ಸ್ಥಾಪನೆಯಾಗುವ ಮುಂಚಿನ ಪಂದ್ಯಗಳೆಲ್ಲ ‘ಖಾಸಗಿ ಸ್ವರೂಪ’ದವಂತೆ. ಎಷ್ಟು ಚೊಕ್ಕವಾದ ಮಾತು. ಅವಳು ಬೌಲ್ ಮಾಡುವಾಗ ವಿಕೆಟ್ಟಿನ ಹಿಂದೆ ಕೂತಿದ್ದವಳು ನಾನು. ನಿಮ್ಮ ಹೇಳಿಕೆಯನ್ನು ಚಹಾದ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಅವಳೊಬ್ಬಳನ್ನು ಅಳಿಸಲು ಹೋಗಿ ನೀವು ಇಡೀ ತಂಡವನ್ನೇ ಒರೆಸಿ ಹಾಕಿದ್ದೀರಿ. ಅವಳಿಗಾದರೂ ಇನ್ನೊಂದು ದೇಶ ಉಳಿಯಿತು. ನಾವು ಯಾವ ದೇಶಕ್ಕೂ ಆಡದವರಾದೆವು.

ನಾನು ಬನಿಯನ್ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಕೆಲಸ ಮಾಡುವವಳು, ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿ. ಪೇಪರ್ ಬಂದ ದಿನ ಸೂಪರ್‌ವೈಸರ್ ನನ್ನ ಮೇಜಿನ ಹತ್ತಿರ ಬಂದು ನಿಂತ.

“ಏನಮ್ಮಾ, ನ್ಯಾಷನಲ್ ಪ್ಲೇಯರ್ ಅಂತಿದ್ರಿ. ಅಂಥ ಟೀಮೇ ಇರ್ಲಿಲ್ಲ ಅಂತ ಬರ್ದಿದಾರಲ್ಲ?”

ಅವನದು ಬಿಡಿ, ಸಂಘದವಳ ಬಾಯಿ ಮುಚ್ಚಿಸಲು ಕಾಯುತ್ತಲೇ ಇದ್ದ. ಆದರೆ ಅಂದು ಸಂಜೆ ಮಗಳು, ಈಗ ಅವಳಿಗೂ ಒಂದು ಮಗುವಿದೆ, ಪೇಪರ್ ಮಡಿಸಿಟ್ಟು ಮೆಲ್ಲಗೆ ಕೇಳಿದಳು: “ಅಮ್ಮಾ, ನಾನು ಸ್ಕೂಲಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ನಲ್ಲ. ಅದು ಸುಳ್ಳಾ?” ನಾನು ನನ್ನ ಬಲಗೈ ಚಾಚಿದೆ. ಉಂಗುರ ಬೆರಳು ನಡುವಿನ ಗೆಣ್ಣಿನಲ್ಲಿ ಸೊಟ್ಟಗಾಗಿದೆ, ನಿಮಗೆ ಗೊತ್ತು. ಆ ಲೆಗ್ ಸ್ಪಿನ್ನರ್ ಎಸೆದ ಚೆಂಡು ಮುರಿದ ಬೆರಳು ಅದು. ಅಧ್ಯಕ್ಷರೇ, ಇದನ್ನೂ ಖಾಸಗಿ ಸ್ವರೂಪದ ಬೆರಳು ಎನ್ನೋಣವೇ?

ನಿಮಗೆ ಗೊತ್ತು ಎಂದೆ. ಓದುಗರಿಗೆ ಗೊತ್ತಿಲ್ಲ, ಅವರಿಗೂ ತಿಳಿಯಲಿ. ಆ ದಿನಗಳಲ್ಲಿ ಮಹಿಳಾ ಕ್ರಿಕೆಟ್ ಸಂಘ ಎಂಬುದೊಂದು ಬೇರೆಯೇ ಇತ್ತು. ಅದರ ಜಂಟಿ ಕಾರ್ಯದರ್ಶಿ ನೀವು, ನಮ್ಮ ತಂಡದ ಮ್ಯಾನೇಜರೂ ನೀವೇ. ಮೊದಲ ಪ್ರವಾಸಕ್ಕೆ ಹೊರಡುವ ಬೆಳಿಗ್ಗೆ ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ತಲೆಯ ಮೇಲೂ ದೇಶದ ಟೋಪಿ ಇಟ್ಟಿದ್ದು ನಿಮ್ಮದೇ ಕೈ. ಗಂಡಸರ ಅಳತೆಯ ಟೋಪಿ, ನನ್ನ ಕಣ್ಣಿನವರೆಗೂ ಜಾರಿತು. ನೀವು ಅದನ್ನು ಹಿಂದಕ್ಕೆ ಸರಿಸಿ ಹೇಳಿದಿರಿ: “ಇದು ಬಟ್ಟೆ ಅಲ್ಲಮ್ಮ, ದೇಶ. ಹುಷಾರು.” ನಾನು ಬಟ್ಟೆ ಕತ್ತರಿಸಿ ಬದುಕುವವಳು. ಬಟ್ಟೆ ಯಾವುದೆಂದು ಗೊತ್ತಿದ್ದೂ ಆ ದಿನ ನಿಮ್ಮ ಮಾತು ನಂಬಿ ಅತ್ತುಬಿಟ್ಟೆ. ಈಗ ನೀವೇ ಹೇಳುತ್ತಿದ್ದೀರಿ, ಅದು ಬಟ್ಟೆಯೇ ಆಗಿತ್ತು ಎಂದು.

ನಾವೆಲ್ಲ ಆಟ ಬಿಟ್ಟ ಮೇಲೆ ಆ ಸಂಘ ಮಂಡಳಿಯಲ್ಲಿ ವಿಲೀನವಾಯಿತು. ಸಂಘದ ಕುರ್ಚಿಗಳು, ಕಪಾಟು, ಗೋಡೆಯ ಗಡಿಯಾರ, ನೀವು, ಎಲ್ಲ ವಿಲೀನವಾದಿರಿ. ನಾವು ಮಾತ್ರ ಹೊರಗೆ ಉಳಿದೆವು. ಮಂಡಳಿಯ ಜಾಲತಾಣದಲ್ಲಿ ನಿಮ್ಮ ಪರಿಚಯ ಇವತ್ತಿಗೂ ಇದೆ, ಯಾರು ಬೇಕಾದರೂ ಓದಬಹುದು: ‘ಮಹಿಳಾ ರಾಷ್ಟ್ರೀಯ ತಂಡದ ಮೊದಲ ಮ್ಯಾನೇಜರ್’. ಆಟಗಾರ್ತಿಯರೇ ಇಲ್ಲದ ತಂಡಕ್ಕೆ ಮ್ಯಾನೇಜರ್ ಆಗಿದ್ದ ಜಗತ್ತಿನ ಏಕೈಕ ಮನುಷ್ಯ ನೀವು. ಅಭಿನಂದನೆಗಳು.

ಇನ್ನು ಅವಳ ವಿಷಯ. ನಾವು ಅವಳನ್ನು ತಿರುಗಣಿ ಎಂದು ಕರೆಯುತ್ತಿದ್ದೆವು. ಚೆಂಡು ಅವಳ ಬೆರಳಿಂದ ಹೊರಟರೆ ಯಾವ ಕಡೆ ತಿರುಗುತ್ತದೆಂದು ಬ್ಯಾಟ್ ಹಿಡಿದವಳಿಗಿರಲಿ, ಹಿಂದೆ ಕೂತ ನನಗೂ ತಿಳಿಯುತ್ತಿರಲಿಲ್ಲ. ಬೆರಳು ಮುರಿದದ್ದು ಹಾಗೆಯೇ. ಆಮೇಲೆ ನಾವಿಬ್ಬರೂ ಒಂದು ಗುಟ್ಟು ಮಾಡಿಕೊಂಡೆವು. ಓಡಿಬರುವ ಮುಂಚೆ ಅವಳು ಎಡಗೈಯಲ್ಲಿ ಕಾಲರ್ ಎಳೆದುಕೊಂಡರೆ ಚೆಂಡು ಎಂದಿನಂತೆ ಹೊರಕ್ಕೆ ತಿರುಗದೆ ಒಳಕ್ಕೆ ನುಗ್ಗುತ್ತದೆ. ನೋಡಿದವರಿಗೆ ಸೆಖೆಗೆ ಕಾಲರ್ ಸರಿಮಾಡಿಕೊಂಡಂತೆ ಕಾಣುತ್ತಿತ್ತು. ಇದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ಮೊದಲ ಪ್ರವಾಸದಲ್ಲಿ ಗೆದ್ದು ಬಂದೆವು. ನೀವು ಸನ್ಮಾನ ಸಭೆ ಇಟ್ಟಿರಿ. ಹಾರ, ಶಾಲು, ಮುಂದಿನ ಸಾಲಿನಲ್ಲಿ ದೊಡ್ಡವರು. ತಿರುಗಣಿಯ ಕೈಗೆ ಮೈಕ್ ಕೊಟ್ಟು ಎರಡು ಮಾತಾಡಮ್ಮ ಎಂದಿರಿ. ಅವಳು ಎರಡೇ ಮಾತಾಡಿದಳು.

“ಎಲ್ಲರಿಗೂ ನಮಸ್ಕಾರ. ಸಾರ್, ಡ್ರೆಸ್ಸಿಂಗ್ ರೂಮಿನ ಕೀ ಯಾರ ಹತ್ರ ಇದೆ? ಗೆದ್ದು ಬಂದ್ರೂ ನಾವಿನ್ನೂ ರೋಲರ್ ಶೆಡ್ಡಲ್ಲೇ ಬಟ್ಟೆ ಬದಲಾಯಿಸ್ತಿದೀವಿ.”

ಸಭೆ ನಕ್ಕಿತು. ನೀವೂ ನಕ್ಕಿರಿ. ನಗುತ್ತಲೇ ನಿಮ್ಮ ಕೈ ಜೇಬಿನೊಳಗೆ ಹೋದದ್ದನ್ನು ನಾನು ಕಂಡೆ. ಕಬ್ಬಿಣದ ರೋಲರ್ ನಿಲ್ಲಿಸುವ ಆ ಶೆಡ್ಡಿಗೆ ಬಾಗಿಲಿರಲಿಲ್ಲ. ಇಬ್ಬರು ಗೋಣಿಚೀಲ ಹಿಡಿದು ನಿಂತರೆ ಮೂರನೆಯವಳು ಬಟ್ಟೆ ಬದಲಾಯಿಸುವುದು. ಗಂಡಸರ ತಂಡದ ಸಾಮಾನಿದೆ ಎಂಬ ಕಾರಣಕ್ಕೆ ಡ್ರೆಸ್ಸಿಂಗ್ ರೂಮಿಗೆ ಬೀಗ. ದೇಶದ ಟೋಪಿ ಹಾಕಿದ ತಲೆಗೆ ಗೋಣಿಚೀಲದ ಮರೆ.

ಮುಂದಿನ ಸರಣಿಗೆ ಅವಳ ಹೆಸರಿರಲಿಲ್ಲ. ‘ರಾಷ್ಟ್ರೀಯ ತಂಡದ ಶಿಸ್ತಿಗೆ ಧಕ್ಕೆ’ ಎಂದಿರಿ. ನಾವೆಲ್ಲ ಮೈದಾನದಲ್ಲೇ ಇದ್ದ ಮಹಿಳಾ ಸಂಘದ ಕಚೇರಿಯ ಗೇಟಿನ ಮುಂದೆ ಕೂತೆವು. ನಾನು ಕಲಿತ ಮೊದಲ ಚಳವಳಿ ಅದು, ಯಾವ ಪುಸ್ತಕದಿಂದಲೂ ಅಲ್ಲ. ಆಡುವವರು ಒಳಗೆ ಬರಬಹುದು, ಉಳಿದವರ ಜಾಗಕ್ಕೆ ಬೇರೆಯವರಿದ್ದಾರೆ ಎಂದು ಹೇಳಿ ಕಳಿಸಿದಿರಿ. ನಾವು ಏಳಲಿಲ್ಲ. ಕೊನೆಗೆ ತಿರುಗಣಿಯೇ ಎದ್ದು ಬೈದಳು.

“ಎದ್ದು ಒಳಗೆ ಹೋಗ್ರೇ. ಟೀಮೇ ಇಲ್ದೆ ಹೋದ್ರೆ ನಾಳೆ ಬೀಗ ಯಾರಿಗೋಸ್ಕರ ತೆಗೀತಾರೆ? ನನ್ನದೇನು, ಆಸ್ಪತ್ರೆ ಡ್ಯೂಟಿ ಇದೆ.”

ನಾವು ಒಳಗೆ ಹೋದೆವು. ಅವಳು ನರ್ಸ್. ಮತ್ತೆ ಕರೆಯಬಹುದೆಂದು ಒಂದು ವರ್ಷ ಕಾದಳು. ಆಮೇಲೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಅಲ್ಲಿ ರಜಾದಿನಗಳಲ್ಲಿ ಕ್ಲಬ್ಬಿನಲ್ಲಿ ಆಡಿದಳು, ಅಲ್ಲಿನ ಪ್ರಜೆಯೇ ಆದಳು, ಆ ದೇಶದ ತಂಡಕ್ಕೂ ಬಂದಳು. ‘ಹೆತ್ತ ನೆಲಕ್ಕೆ ದ್ರೋಹ’ ಎಂದು ನೀವು ಪತ್ರಿಕೆಗಳಿಗೆ ಹೇಳಿದಿರಿ. ನಾನೂ ಕುದಿದೆ. ಸುಳ್ಳೇಕೆ ಹೇಳಲಿ, ಆ ತಂಡ ನಮ್ಮ ಮೇಲೆ ಆಡಲು ಬಂದಾಗ ಅವಳು ಬೇರೆ ಬಣ್ಣದ ಅಂಗಿ ತೊಟ್ಟು ನಿಂತದ್ದು ನೋಡಿ ಮುಖ ತಿರುಗಿಸಿದೆ. ಟಾಸಿಗೆ ಮುಂಚೆ ಅವಳು ಕೈಬೀಸಿದಳು, ನಾನು ಗ್ಲೌಸ್ ಸರಿಮಾಡಿಕೊಳ್ಳುವ ನೆಪ ಮಾಡಿದೆ.

ನಾನು ಬ್ಯಾಟ್ ಹಿಡಿದು ಹೋದೆ, ಅವಳಿಗೆ ಚೆಂಡು ಕೊಟ್ಟರು. ಓಡುವ ಮುಂಚೆ ಅವಳು ಎಡಗೈಯಲ್ಲಿ ಕಾಲರ್ ಎಳೆದುಕೊಂಡಳು.

ಅಧ್ಯಕ್ಷರೇ, ಅವಳ ಬೆನ್ನ ಮೇಲೆ ಬೇರೆ ದೇಶದ ಹೆಸರಿತ್ತು, ಕೈ ಮಾತ್ರ ನಮ್ಮದೇ ತಂಡದಲ್ಲಿತ್ತು. ಹಿಂದೆ ಕೂತವಳಿಗೆ ಕೊಡುತ್ತಿದ್ದ ಗುಟ್ಟನ್ನು ಎದುರು ನಿಂತವಳಿಗೆ ಕೊಟ್ಟುಬಿಟ್ಟಳು. ಒಳಕ್ಕೆ ಬರುತ್ತದೆಂದು ಗೊತ್ತಿತ್ತು, ಎಳೆದು ಹೊಡೆದೆ, ಬೌಂಡರಿ. ಅವಳು ತನ್ನ ಎಡಗೈಯನ್ನೇ ನೋಡುತ್ತ ನಿಂತಳು. ಮುಂದಿನ ಚೆಂಡಿಗೂ ಕಾಲರ್ ಎಳೆದಳು. ಮತ್ತೆ ಅದೇ ಎಂದು ಮುನ್ನುಗ್ಗಿದೆ. ಚೆಂಡು ಹೊರಕ್ಕೆ ತಿರುಗಿತು. ಜೀವನವಿಡೀ ಬೇರೆಯವರನ್ನು ಸ್ಟಂಪ್ ಮಾಡಿದವಳು ಸ್ಟಂಪ್ ಆಗಿ ನಿಂತೆ. ಮೊದಲನೆಯದು ಹಳೆಯ ಅಭ್ಯಾಸ, ಎರಡನೆಯದು ಹೊಸ ದೇಶ. ವಾಪಸು ನಡೆಯುವಾಗ ಪಕ್ಕದಲ್ಲಿ ಬಂದು ಹೇಳಿದಳು: “ಬೈಕೋಬೇಡ ಕಣೇ. ಒಂದು ನಿನಗೆ ಕೊಟ್ಟೆ, ಒಂದು ಇವರಿಗೆ ಕೊಟ್ಟೆ. ಲೆಕ್ಕ ಸರಿಯಾಯ್ತು.” ನಾನು ನಕ್ಕುಬಿಟ್ಟೆ. ಅಲ್ಲಿಗೆ ನನ್ನ ಸಿಟ್ಟು ಮುಗಿಯಿತು. ಅವಳು ಎರಡೂ ಕಡೆ ಪ್ರಾಮಾಣಿಕಳಾಗಿದ್ದಳು. ಒಂದೇ ಕಡೆ ಇದ್ದುಕೊಂಡು ಅಷ್ಟು ಪ್ರಾಮಾಣಿಕರಾಗಲು ನಿಮ್ಮಿಂದ ಆಗಲಿಲ್ಲ.

ಈಗ ಹೇಳಿ. ಅವಳು ನಮ್ಮ ದೇಶಕ್ಕೆ ಆಡಿಯೇ ಇಲ್ಲವಾದರೆ ಯಾವ ‘ರಾಷ್ಟ್ರೀಯ ತಂಡ’ದಿಂದ ಕಿತ್ತುಹಾಕಿದಿರಿ? ಯಾವ ನೆಲಕ್ಕೆ ದ್ರೋಹ ಮಾಡಿದಳು? ನಮ್ಮ ವಿರುದ್ಧದ ಆ ಪಂದ್ಯ ಅವರ ದಾಖಲೆಯಲ್ಲಿ ಅಧಿಕೃತವಾಗಿಯೇ ಇದೆ, ನಾನು ಸ್ಟಂಪ್ ಆದದ್ದೂ ಇದೆ. ಹಾಗಾದರೆ ಅವರು ಆ ದಿನ ಯಾರ ವಿರುದ್ಧ ಗೆದ್ದರು, ಗಾಳಿಯ ವಿರುದ್ಧವೇ? ಈಚೆಗೆ ಆ ದೇಶದ ಸನ್ಮಾನದಲ್ಲಿ ಅವಳು ಡ್ರೆಸ್ಸಿಂಗ್ ರೂಮಿನ ಕೀಯ ಕಥೆ ಹೇಳಿದಳು. ವರದಿಗಾರರು ನಿಮ್ಮನ್ನು ಕೇಳಿದರು. ಕೀ ನನ್ನ ಜೇಬಿನಲ್ಲಿತ್ತು ಎನ್ನುವುದಕ್ಕಿಂತ ತಂಡವೇ ಇರಲಿಲ್ಲ ಎನ್ನುವುದು ನಿಮಗೆ ಸಲೀಸಾಯಿತು. ಇಷ್ಟೇ ತಾನೇ ವಿಷಯ?

ಹೇಳಿಕೆ ಬಂದ ಮರುದಿನ ಅವಳೇ ಫೋನ್ ಮಾಡಿದಳು.

“ಏನೇ, ನಾನು ಅಲ್ಲಿ ಆಡೇ ಇಲ್ವಂತೆ?”

“ನಾನೂ ಆಡಿಲ್ವಂತೆ ಕಣೇ.”

ಜೋರಾಗಿ ನಕ್ಕಳು. ಆಮೇಲೆ ಕೇಳಿದಳು: “ನನ್ನದು ಬಿಡು, ನನಗೆ ಇನ್ನೊಂದಿದೆ. ನಿಂದೇನೇ?”

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ಇರುವುದು ನಿಮ್ಮ ಹತ್ತಿರ.

ಬೇಡಿಕೆ ದೊಡ್ಡದಲ್ಲ. ಬರುವ ತಿಂಗಳು ಆ ದೇಶದ ತಂಡ ಇಲ್ಲಿ ಆಡಲು ಬರುತ್ತಿದೆ, ಅದೇ ರೋಲರ್ ಶೆಡ್ಡಿನ ಮೈದಾನದಲ್ಲಿ. ಅದಕ್ಕೆ ಮುಂಚೆ ಹೇಳಿಕೆಯನ್ನು ಹಿಂದಕ್ಕೆ ಪಡೆಯಿರಿ, ಅದು ಅಚ್ಚಾದ ಅದೇ ಪತ್ರಿಕೆಗಳಲ್ಲಿ. ನಾವು ಈ ದೇಶದ ತಂಡವಾಗಿದ್ದೆವು ಎಂದು ನಿಮ್ಮ ಬಾಯಿಂದಲೇ ಹೇಳಿ. ಪಂದ್ಯದ ಬೆಳಿಗ್ಗೆ ಹಳೆಯ ತಂಡವನ್ನು ಮೈದಾನಕ್ಕೆ ಕರೆಯಿರಿ. ಶಾಲು, ಹಾರ ಏನೂ ಬೇಡ. ಡ್ರೆಸ್ಸಿಂಗ್ ರೂಮಿನ ಬಾಗಿಲಿಂದ ನಡೆದು ಬರುತ್ತೇವೆ. ಬೀಗ ನೀವೇ ಖುದ್ದಾಗಿ ತೆಗೆಯಬೇಕು.

ಆಗುವುದಿಲ್ಲವೇ? ಹಾಗಾದರೆ ಗೇಟಿನ ಮುಂದೆ ಕೂರುತ್ತೇವೆ, ಆ ಜಾಗ ನಮಗೆ ಗೊತ್ತಿರುವುದೇ. ತಿರುಗಣಿ ಟಿಕೆಟ್ ತೆಗೆದಾಗಿದೆ, ಅತಿಥಿಯಾಗಿ ಅಲ್ಲ, ನಮ್ಮ ಪಕ್ಕ ಕೂರಲು. ಎದ್ದು ಒಳಗೆ ಹೋಗ್ರೇ ಎಂದು ಈ ಸಲ ಅವಳು ಹೇಳುವುದಿಲ್ಲ, ನಾನು ಕೇಳಿದ್ದೇನೆ.

ಮಾನ್ಯರೇ ಎಂಬ ಪದ ಇನ್ನೂ ನನ್ನ ಹತ್ತಿರವೇ ಇದೆ.

ಇಂತಿ,
ನೀವು ಇಲ್ಲವೆಂದ ತಂಡದ ಸೊಟ್ಟ ಬೆರಳಿನ ವಿಕೆಟ್ ಕೀಪರ್