ಮೇ ಹನ್ನೆರಡರ ಸಸಿಗಳು

ಡುಲೂತ್, ಮಿನೆಸೋಟ
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ ಲೂಡಿ,

ಹೇಗಿದ್ದೀಯ? ಇಲೊಯಿಲೊದಲ್ಲಿ ನಮ್ಮ ಸಸಿ ಕಂಪನಿಯ ಗಿರಾಕಿಗಳ ಫೋನುಗಳ ಮುಂದೆ ಕೂರುವ ನಿನ್ನ ಹದಿಮೂರು ಜನರೂ ಕ್ಷೇಮವೇ? ನಿನ್ನ ಪತ್ರ ಬಂದು ಮೂರು ವಾರವಾಯಿತು. ದಿನಾ ಉತ್ತರಕ್ಕೆ ಕೂತು, ಎರಡು ಸಾಲು ಬರೆದು ಅಳಿಸಿದ್ದೇನೆ. ಬಿಡುವಿರಲಿಲ್ಲ ಎಂದರೆ ನೀನು ನಂಬಿಬಿಡುತ್ತೀಯ. ಅದಕ್ಕೇ ಹಾಗೆ ಹೇಳುವುದಿಲ್ಲ. ಆಫೀಸಿನ ಇಮೇಲ್ ವಿಳಾಸದಿಂದಲೂ ಬರೆಯುತ್ತಿಲ್ಲ, ಇದು ಮನೆಯಿಂದ.

ಹಿತ್ತಲಲ್ಲಿ ರೂಬಾರ್ಬ್ ಸೊಂಟಮಟ್ಟ ಬೆಳೆದಿದೆ. ಅದರ ಹುಳಿ ದಂಟಿನ ಪೈ ಮಾಡಿ ಪಕ್ಕದ ಮನೆಗಳಿಗೆಲ್ಲ ಹಂಚಿದೆ. ಯಾರಿಗೂ ಅದು ಬೇಕಿರಲಿಲ್ಲ, ಎಲ್ಲರೂ ತೆಗೆದುಕೊಂಡರು. ನಮ್ಮ ಜನ ನಿನಗೆ ಗೊತ್ತಲ್ಲ.

ಸತ್ತ ಸಸಿಗಳ ದೂರು ಇನ್ನೂ ಬರುತ್ತಿದೆ. ಸರೋವರದಂಚಿನ ಟೂ ಹಾರ್ಬರ್ಸ್ ಊರಿನ ಮುದುಕಿ ವೈಲೆಟ್ ನಿನಗೆ ಹೇಳಿದ್ದನ್ನೇ ನನಗೂ ಹೇಳಿದಳು. "ಅಲ್ಲಮ್ಮಾ, ಸರೋವರದಲ್ಲಿ ಐಸ್ ತೇಲ್ತಾ ಇತ್ತು, ನೀವು ಟೊಮೇಟೊ ಸಸಿ ಕಳ್ಸಿದ್ರಲ್ಲಾ! ನಾನೇನು ಅದಕ್ಕೆ ಸ್ವೆಟರ್ ಹೆಣೀಬೇಕಿತ್ತಾ?" ನಗು ಬಂತು. ಆಮೇಲೆ, "ನಮ್ಮೆಜಮಾನ್ರು ಇದ್ದಾಗಿಂದ ನಿಮ್ಮತ್ರಾನೇ ತರ್ಸೋದು" ಎಂದಳು. ಆಗ ನಗು ನಿಂತಿತು.

ಹನ್ನೊಂದು ವರ್ಷದ ಹಿಂದೆ ನಾವು ಶುರು ಮಾಡಿದ್ದು ನೆನಪಾಗುತ್ತದೆ. ನಿಮ್ಮ ಪ್ರತಿ ಕರೆಯ ಧ್ವನಿಮುದ್ರಣವನ್ನೂ ನಾನು ಕೇಳುತ್ತಿದ್ದೆ, ತಪ್ಪು ಹುಡುಕಲಿಕ್ಕೆಂದೇ. ನೀವು ಹೇಳಬೇಕಾದ ಪ್ರತಿ ವಾಕ್ಯವನ್ನೂ ಇಲ್ಲಿಂದ ಬರೆದು ಕಳಿಸುತ್ತಿದ್ದೆವು. ಆಗ ನೀನು, "ಮ್ಯಾಮ್, ಬೀಜ ಒಂದಿಷ್ಟು ಕಳಿಸಿ, ನಾವೂ ಬೆಳೀತೀವಿ. ನೋಡ್ದೇ ಇರೋದನ್ನ ಹೇಗೆ ಮಾರೋದು?" ಎಂದು ಕೇಳಿದೆ. ಬಿಸ್ಕತ್ತಿನ ಡಬ್ಬಗಳಲ್ಲಿ ನೀವು ಬೆಳೆಸಿದ ಸೊಟ್ಟ ಟೊಮೇಟೊಗಳ ಫೋಟೊ ಬಂತು. ಜೊತೆಗೆ ನಿಮ್ಮ ರೊಡೆಲ್‌ನ ಪ್ರಶ್ನೆ: "ಇಬ್ಬನಿ ಹೆಪ್ಪುಗಟ್ಟೋದು ಅಂದ್ರೆ ಫ್ರಿಜ್ಜಿನ ಮೇಲಿನ ಖಾನೇಲಿ ಕೂತಿರುತ್ತಲ್ಲಾ, ಅದಾ?" ಅವತ್ತು ಧ್ವನಿಮುದ್ರಣ ಕೇಳುವುದನ್ನು ಬಿಟ್ಟೆ. ನೀನು ಯಾವಾಗ ಮ್ಯಾಮ್ ಬಿಟ್ಟು ನಿಮ್ಮ ಫಿಲಿಪೀನ್ಸಿನಲ್ಲಿ ಅಕ್ಕನನ್ನು ಕರೆಯುವಂತೆ 'ಮನಾಂಗ್' ಎನ್ನತೊಡಗಿದೆಯೋ ತಿಳಿಯಲೇ ಇಲ್ಲ.

ಈ ವರ್ಷ ಸರೋವರದಂಚಿನ ಊರುಗಳಿಗೆ ಸಸಿ ಕಳಿಸುವ ದಿನವನ್ನು ಎರಡು ವಾರ ಮುಂಚೆಯೇ, ಮೇ ಹನ್ನೆರಡಕ್ಕೆ ಇಟ್ಟವಳು ನಾನು. ಡ್ವೇನ್‌ಗೆ ಅದು ಇಷ್ಟವಿರಲಿಲ್ಲ. ಕಂಪನಿ ಅವನದಾದರೂ ಹಠ ನನ್ನದು ಗೆದ್ದಿತು. ಮೇ ತಿಂಗಳ ಮೊದಲ ವಾರ ನೀನು ಮೂರು ಸಲ ಫೋನ್ ಮಾಡಿದೆ. ಒಮ್ಮೆ, "ಮನಾಂಗ್, ಅಲ್ಲಿ ಇನ್ನೂ ಚಳೀನಾ?" ಎಂದೆ. ಇನ್ನೊಮ್ಮೆ, "ಗಿರಾಕಿಗಳು ಇನ್ನೂ ದಪ್ಪ ಕೋಟಲ್ಲೇ ಇದೀವಿ ಅಂತಾರೆ" ಎಂದೆ. ಮೂರನೇ ಸಲ, "ಸಸಿಗಳು ತುಂಬಾ ಎಳೇವು. ಇನ್ನೊಂದ್ವಾರ ನಿಮ್ಮ ಹತ್ರಾನೇ ಇದ್ರೆ ಅವಕ್ಕೇನೂ ಬೇಜಾರಾಗಲ್ಲ ಅಲ್ವಾ?" ಎಂದೆ. ನಾನು, "ನೋಡೋಣ ಬಿಡು" ಎಂದೆ. ನಿಮ್ಮಲ್ಲಿ ಹಿರಿಯರ ಮುಖಕ್ಕೆ 'ನಿಮ್ಮ ಲೆಕ್ಕ ತಪ್ಪು' ಎಂದು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಯಾರ ಮುಖಕ್ಕೂ 'ಬೇಡ' ಎಂದು ಯಾರೂ ಹೇಳುವುದಿಲ್ಲ. ಎರಡು ಸಭ್ಯತೆಗಳ ನಡುವೆ ಮೂರು ಸಾವಿರ ಸಸಿ ಸತ್ತವು.

ಡ್ವೇನ್‌ನ ಸಿಟ್ಟು ತಾರೀಖಿನ ಬಗ್ಗೆ ಅಲ್ಲ, ನೀವು ಎಚ್ಚರಿಸಲಿಲ್ಲ ಎಂದು. "ನಿಂದು ತಪ್ಪಾಯ್ತು, ಸರಿ. ನಂಗೂ ಆಗುತ್ತೆ. ಆದ್ರೆ ದಿನಾ ಚಳಿ ಚಳಿ ಅಂತ ಜನ ಹೇಳೋದು ಕೇಳಿಸ್ಕೊಂಡೋರು ಅವ್ರು. ಒಂದ್ಮಾತು ನಮಗೆ ಹೇಳ್ಬಾರ್ದಾ? ಅಷ್ಟೂ ನಂಬ್ಕೆ ಇಲ್ದಿದ್ರೆ ಅಷ್ಟು ದೂರದಲ್ಲಿ ಜನ ಯಾಕಿಟ್ಕೋಬೇಕು?" ಎನ್ನುತ್ತಾನೆ. ನಿಮ್ಮ ಒಪ್ಪಂದ ಈ ತಿಂಗಳು ಮುಗಿಯುತ್ತದೆ. ಇದೇ ಕೆಲಸ ಕೇಳಿಕೊಂಡು ಬೇರೆ ಕಂಪನಿಯವರು ಬಂದು ಹೋಗಿದ್ದಾರೆ. ನಿಮ್ಮನ್ನು ಉಳಿಸಿಕೊಳ್ಳುವುದೋ ಬಿಡುವುದೋ, ನಾಳೆ ಸಂಜೆಯೊಳಗೆ ತೀರ್ಮಾನವಾಗುತ್ತದೆ. ಬೆಳಿಗ್ಗೆ ನಾನು ಅವನ ಬಳಿ ಹೋಗುತ್ತೇನೆ.

ಹೋಗಬೇಕು. ಇದನ್ನು ಬರೆದಿಟ್ಟರೆ ಹೋಗದೆ ಇರಲಾರೆ ಎಂದೇ ಬರೆಯುತ್ತಿದ್ದೇನೆ.

ನಿನಗೂ, ನಿನ್ನ ಅಮ್ಮನಿಗೂ, ಆ ಕೋಣೆಯಲ್ಲಿರುವ ಎಲ್ಲರಿಗೂ ಒಳ್ಳೆಯದಾಗಲಿ. ನಿಮ್ಮ ಡಬ್ಬಗಳಲ್ಲಿ ಈ ಸಲವೂ ಹಣ್ಣು ತುಂಬಲಿ.

ನಿನ್ನ
ಮಾರ್ಲಿಸ್

ವಿ.ಸೂ.: ಶುಕ್ರವಾರ ಮಧ್ಯಾಹ್ನ ಸೇರಿಸುತ್ತಿದ್ದೇನೆ.

ಹೋಗಿದ್ದೆ. "ಲೂಡಿ ಮೂರು ಸಲ ಹೇಳಿದ್ಲು ಡ್ವೇನ್. ಮೂರನೇ ಸಲ ಅವಳು ಹೇಳ್ತಿರೋದು ನಂಗೆ ಚೆನ್ನಾಗೇ ಅರ್ಥ ಆಗಿತ್ತು" ಎಂದೆ.

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಅರ್ಥ ಆಗಿಯೂ ಸುಮ್ನಿದ್ಯಾ?"

"ಹೂಂ. ನಿನ್ನತ್ರ ಬಂದು ಸೋತೆ ಅನ್ನಬೇಕಾಗಿತ್ತಲ್ಲ."

"ಹಾಗಾದ್ರೆ ಆ ಪತ್ರ ಯಾಕೆ ತಂದ್ಕೊಟ್ಟೆ ನಂಗೆ?"

ನಿನ್ನ ಪತ್ರ, ಲೂಡಿ. 'ತಪ್ಪು ನಮ್ಮದೇ ಮನಾಂಗ್, ನಾವು ಬಿಡಿಸಿ ಹೇಳಬೇಕಿತ್ತು' ಎಂದು ನನ್ನ ಮನಸ್ಸಿಗೆ ನೋವಾಗದಿರಲಿ ಅಂತ ನೀನು ಬರೆದದ್ದು. ಅದು ಬಂದ ದಿನವೇ ಪ್ರಿಂಟ್ ತೆಗೆದು ಅವನ ಮುಂದೆ ಇಟ್ಟಿದ್ದೆ. "ನೋಡು, ಅವಳೇ ಒಪ್ಕೊಂಡಿದಾಳೆ" ಎಂದಿದ್ದೆ. ಮೂರು ವಾರ ನಿನಗೆ ಉತ್ತರ ಬರೆಯಲಾಗದ್ದು ಇದಕ್ಕೆ.

ಒಪ್ಪಂದ ಮುಂದುವರಿಯುತ್ತದೆ. ನೀನೂ ಸೇರಿ ಹದಿನಾಲ್ಕು ಜನಕ್ಕೂ ಕೆಲಸವಿದೆ. ನಿಮ್ಮೊಂದಿಗೆ ವ್ಯವಹರಿಸುವ ಹೊಣೆಯನ್ನು ನಾನೇ ಬಿಟ್ಟುಕೊಟ್ಟೆ, ಅವನು ತಡೆಯಲಿಲ್ಲ. ಸೋಮವಾರ ಡ್ವೇನ್ ತಾನೇ ನಿನಗೆ ಫೋನ್ ಮಾಡುತ್ತಾನೆ, ಏನಾಯಿತೆಂದು ನಿನ್ನ ಬಾಯಿಂದ ಕೇಳಬೇಕಂತೆ. ನಡೆದದ್ದನ್ನು ನಡೆದ ಹಾಗೇ ಹೇಳು. ಈ ಸಲ ನನ್ನನ್ನು ಕಾಪಾಡಬೇಡ.