ರೊಟ್ಟಿಗೆ ಕರೆದ ಕೈ

ಹುಲಿಗೆವ್ವ ಚಿಗವ್ವಾ,

ಇವತ್ತ ಗೋಕುಲ ರಸ್ತೆಯ ನನ್ನ ಸಿನಿಮಾ ಕ್ಲಾಸಿನ್ಯಾಗ ಹುಡುಗರಿಗೆ ನನ್ನ ದೆವ್ವದ ಸಿನಿಮಾ ತೋರಿಸಿದ್ನಿ. ನೀ ಬಾಗಲದಾಗ ನಿಂತು ಕೈಮಾಡಿ ಕರಿಯೋದು ಬಂದ ಕೂಡಲೇ ಎಲ್ಲಾರೂ ಬೆಚ್ಚಿಬಿದ್ರು. ಅಂಜಿಕಿ ಹೆಂಗ ಹುಟ್ಟತೈತಿ ಅಂತ ತಿಳಿಸಾಕ, ನಾ ಸೇರಿಸಿದ್ದ ಕತ್ತಲಿ, ನಿಧಾನ, ಗುಂಯ್ ಅನ್ನೋ ಸದ್ದು ಎಲ್ಲಾ ತಗದು, ನಿನ್ನ ಖರೇ ದನಿ ಕೇಳಿಸಿದ್ನಿ.

“ಬಾರೋ, ರೊಟ್ಟಿ ಆರತಾವು!”

ಹುಡುಗರು ನಕ್ಕರು. ನನಗ ನಗು ಬರಲಿಲ್ಲ. ನೀ ನನ್ನ ಊಟಕ್ಕ ಕರದಾಗ ತಗದಿದ್ದನ್ನ ನಿನಗ ಹೇಳಲಾರದ ದೆವ್ವ ಮಾಡಿದ್ನಿ. ಆಗ ಆ ಸಿನಿಮಾ ನೋಡಿದ ಮ್ಯಾಲ ನಮ್ಮ ಓಣಿ ಮಕ್ಕಳು ನಿನ್ನ ಕಂಡರ ಓಡತಿದ್ರು. “ನಾ ಏನ್ ಮಾಡೇನೋ ಅವ್ರಿಗೆ?” ಅಂತ ನೀ ಕೇಳಿದಿ. ಸಿನಿಮಾಕ್ಕ ಬಹುಮಾನ ಬಂತು ಅಂತಷ್ಟೇ ಹೇಳಿದ್ನಿ. ಆಮ್ಯಾಲ ಸಾಯೂತನಾ ನೀ ಬಾಗಲದಾಗ ನಿಲ್ಲಲಿಲ್ಲ.

“ಸರ್, ಈ ಅಜ್ಜಿಗೆ ಇದನ್ನ ತೋರಿಸಿದ್ರೇನ್ರಿ?” ಅಂತ ವಿದ್ಯಾ ಅನ್ನೋ ಹುಡುಗಿ ಕೇಳಿದ್ಲು.

ಹೂಂ ಅಂತ ಸುಳ್ಳ ಹೇಳಿ ಲೈಟ್ ಹಾಕಿದ್ನಿ.