ಕುರ್ಚಿಯ ಕೆಳಗಿನ ಬೆಕ್ಕು

ಪ್ರೀತಿಯ ಅತ್ತಿಗೆ,

ಲಕೋಟೆಯ ಮೇಲಿನ ನನ್ನ ಅಕ್ಷರ ನೋಡಿದ ಕೂಡಲೇ ನೀವು ಇದನ್ನು ಹರಿದು ಬಿಸಾಡಬಹುದಿತ್ತು. ಇಲ್ಲಿಯವರೆಗೆ ಓದಿದ್ದೀರಿ ಎಂದರೆ ಅದೇ ನನಗೆ ದೊಡ್ಡದು. ನಾಲ್ಕು ವರ್ಷ ತುಟಿ ಬಿಚ್ಚದವಳು ಈಗ ಯಾಕೆ ಕಾಗದ ಬರೆಯಲು ಕೂತಳು ಎಂದು ಕೇಳುತ್ತೀರಿ. ಕಾರಣ ಹೇಳಿದರೆ ನಗು ಬರುತ್ತದೆ. ನಾನು ಚಿತ್ರ ನೋಡುವುದನ್ನು ಕಲಿಸುವ ತರಗತಿಗೆ ಸೇರಿದ್ದೆ.

ಬಿಡಿಸುವುದಲ್ಲ, ನೋಡುವುದು. ನಮ್ಮ ಬೀದಿಯ ಕೊನೆಯ ಗ್ರಂಥಾಲಯದ ಮಹಡಿಯಲ್ಲಿ ಎಂಟು ಶನಿವಾರ, ಮಧ್ಯಾಹ್ನ ಮೂರರಿಂದ ಐದು. ಏನೂ ಗೊತ್ತಿಲ್ಲದವರಿಗಾಗಿ ಎಂದು ಬಾಗಿಲ ಬಳಿ ಕಾಗದ ಅಂಟಿಸಿದ್ದರು. ಓದಿದಾಗ ನನ್ನನ್ನೇ ನೋಡಿ ಬರೆದ ಹಾಗಿತ್ತು. ಅಮ್ಮ ಹೋದ ಮೇಲೆ ರಜೆಯ ದಿನ ನನಗೆ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಮ್ಮವರೇ ಒಂದು ದಿನ ರೇಗಿ, “ಹೀಗೆ ಗೋಡೆ ನೋಡ್ಕೊಂಡು ಕೂರೋ ಬದ್ಲು ಹೋಗಿ ಚಿತ್ರ ನೋಡು, ಅದೂ ಗೋಡೆ ಮೇಲೇ ಇರುತ್ತೆ” ಅಂದರು. ಹೋದೆ.

ನಿಮಗೆ ಗೊತ್ತಲ್ಲ, ಔಷಧದಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ ಇಪ್ಪತ್ತೆರಡು ವರ್ಷವಾಯಿತು. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲಿನಲ್ಲಿ ಮೊದಲ ಎರಡಕ್ಷರ ಕಂಡರೆ ಸಾಕು, ಉಳಿದದ್ದನ್ನು ನಾನೇ ಓದಿಕೊಳ್ಳುತ್ತೇನೆ. ಗಿರಾಕಿ ಕೆಮ್ಮುತ್ತಾ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಕೈ ಕೆಮ್ಮಿನ ಸಿರಪ್ಪಿನ ಸಾಲಿಗೆ ಹೋಗಿರುತ್ತದೆ. ಅದನ್ನು ನಾನು ಚುರುಕು ಅಂದುಕೊಂಡಿದ್ದೆ. ಅಂಗಡಿಯ ಯಜಮಾನರು ಈಗಲೂ ಹಾಗೇ ಅಂದುಕೊಂಡಿದ್ದಾರೆ.

ತರಗತಿಯಲ್ಲಿ ನಾವು ಹನ್ನೊಂದು ಜನ. ಕಲಿಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಣ್ಣ ದನಿಯವರು, ಅಂಗಿಯ ಜೇಬಿನಲ್ಲಿ ಸದಾ ಎರಡು ಕನ್ನಡಕ. ಮೊದಲ ದಿನ ಬಾಗಿಲಷ್ಟು ದೊಡ್ಡದೊಂದು ಮುದ್ರಿತ ಚಿತ್ರವನ್ನು ಗೋಡೆಗೆ ತೂಗುಹಾಕಿದರು. ಒಂದು ಕೋಣೆ. ಕಿಟಕಿಯ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಂತ ಒಬ್ಬ ಹೆಂಗಸು. ಮೇಜಿನ ಮೇಲೆ ಅರ್ಧ ಬ್ರೆಡ್ಡು, ಒಂದು ಚಾಕು. ಪಕ್ಕದಲ್ಲಿ ಒಂದು ಕುರ್ಚಿ. ಆ ಕಡೆ ತೆರೆದ ಬಾಗಿಲು. “ಎಂಟು ವಾರವೂ ಇದೊಂದೇ ಚಿತ್ರ. ಕಂಡಿದ್ದನ್ನ ಹೇಳಿ” ಅಂದರು. ನಾನು ಕೌಂಟರಿನ ಚುರುಕಿನಲ್ಲಿ ಎಲ್ಲರಿಗಿಂತ ಮೊದಲು ಬಾಯಿ ಹಾಕಿದೆ. “ಗಂಡನ ಜತೆ ಜಗಳ ಆಡಿ ಮುಖ ಊದಿಸ್ಕೊಂಡು ನಿಂತಿದಾಳೆ, ಸಾರ್.”

“ಮುಖ ಎಲ್ಲಿದೆ, ತೋರಿಸಿ?” ಅಂದರು. ಮುಖ ಇರಲಿಲ್ಲ. “ಹೋಗ್ಲಿ, ಗಂಡ ಎಲ್ಲಿದಾನೆ?” ನಾನು ತೆರೆದ ಬಾಗಿಲಿನ ಕಡೆ ಕೈ ಮಾಡಿದೆ. “ಅದು ಬಾಗಿಲಮ್ಮ” ಅಂದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ರಿಟೈರ್ಡ್ ಬಸ್ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದು ನಮ್ಮವರ ಮುಂದೆ ಮೇಷ್ಟ್ರನ್ನು ಚೆನ್ನಾಗಿ ಬೈದೆ.

ಆದರೆ ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ಸುಳ್ಳು ಯಾಕೆ ಹೇಳಲಿ ಅತ್ತಿಗೆ, ನನಗೆ ಅದರ ರುಚಿ ಹತ್ತಿತು. ಮೇಜಿನ ಕೆಳಗಿನ ನೆರಳು ಕಪ್ಪಲ್ಲ, ಹಸಿರು ಎನ್ನುವುದು ಎರಡನೇ ವಾರ ಕಂಡಿತು. ಆ ಹೆಂಗಸಿನ ಎಡಗಾಲಿನ ಹಿಮ್ಮಡಿ ಚಪ್ಪಲಿಯಿಂದ ಒಂದು ಬೆರಳಿನಷ್ಟು ಮೇಲೆದ್ದಿದೆ. ಅದು ಕಾಣಲು ಮೂರು ವಾರ ಬೇಕಾಯಿತು. ಕಂಡ ದಿನ ನನಗೆ ಯಾಕೋ ಕಣ್ಣು ತುಂಬಿ ಬಂತು. ಯಾರೋ ಯಾವ ಕಾಲದಲ್ಲೋ ಒಂದು ಹಿಮ್ಮಡಿಯನ್ನು ಅಷ್ಟು ಹೊತ್ತು ನೋಡಿದ್ದರಲ್ಲ ಎನಿಸಿತು. ನಾನು ಯಾರನ್ನೂ ಅಷ್ಟು ಹೊತ್ತು ನೋಡಿದವಳಲ್ಲ. ಎರಡು ವರ್ಷ ಅಮ್ಮನ ಮೈ ತೊಳೆದ ನಿಮ್ಮನ್ನಂತೂ ನೋಡಲೇ ಇಲ್ಲ.

ಐದನೇ ಶನಿವಾರ ಮೇಷ್ಟ್ರು ಚಿತ್ರದ ಮೇಲೆ ಬೆಡ್‌ಶೀಟು ಹೊದಿಸಿಬಿಟ್ಟಿದ್ದರು. ನೆನಪಿನಿಂದ ಬರೆಯಿರಿ, ಏನೇನಿದೆ, ಎಲ್ಲೆಲ್ಲಿದೆ. ಇಷ್ಟು ವಾರ ನೋಡಿದ್ದೇವೆ, ಇದೇನು ಮಹಾ ಎಂದು ಬರೆದೆ. ಹಿಮ್ಮಡಿ ಬರೆದೆ, ಹಸಿರು ನೆರಳು ಬರೆದೆ, ಕುರ್ಚಿಯ ಕೆಳಗೆ ಬಾಲ ಸುತ್ತಿಕೊಂಡು ಮಲಗಿದ ಬೂದು ಬೆಕ್ಕು ಎಂದೂ ಬರೆದೆ. ಗಟ್ಟಿಯಾಗಿ ಓದಿದಾಗ ಡ್ರೈವರ್, “ಬೆಕ್ಕಾ? ಅದೆಲ್ಲಿ ಹತ್ತಿಸ್ಕೊಂಡ್ರಿ?” ಅಂದರು. ನಾನು ಬಿಡಲಿಲ್ಲ. ಬೆಕ್ಕಿದೆ, ನನ್ನ ಕಣ್ಣಾಣೆ ಇದೆ, ಒಂದು ಕಿವಿ ಮಡಚಿಕೊಂಡಿದೆ ಅಂದೆ. ಮೇಷ್ಟ್ರು ಬೆಡ್‌ಶೀಟು ಎಳೆದರು.

ಬೆಕ್ಕು ಇರಲಿಲ್ಲ. ಎದ್ದು ಹತ್ತಿರ ಹೋಗಿ ನೋಡಿದೆ. ಕುರ್ಚಿಯ ಕೆಳಗೆ ಬರೀ ನೆಲ. ಎಲ್ಲರೂ ನಗುತ್ತಿದ್ದರು, ನಾನೂ ನಗಬೇಕಿತ್ತು. “ಸುಳ್ಳು ಹೇಳಿದ್ರಿ ಅಂತಲ್ಲಮ್ಮ. ಖಾಲಿ ಜಾಗ ಕಂಡ್ರೆ ಮನಸ್ಸಿಗೆ ತಡೆಯಲ್ಲ, ಏನಾದ್ರೂ ತಂದು ಇಡುತ್ತೆ. ಇಟ್ಟಿದ್ದು ನಾವೇ ಅನ್ನೋದು ಆಮೇಲೆ ಮರ್ತೋಗುತ್ತೆ” ಅಂದರು ಮೇಷ್ಟ್ರು. ಇನ್ನೂ ಅರ್ಧ ಗಂಟೆ ಇರುವಾಗಲೇ ಚೀಲ ತೆಗೆದುಕೊಂಡು ಮೆಟ್ಟಿಲಿಳಿದುಬಿಟ್ಟೆ. ಆ ಬೆಕ್ಕು ನನಗೆ ಈಗಲೂ ಕಾಣುತ್ತದೆ ಅತ್ತಿಗೆ, ಮಡಚಿದ ಕಿವಿಯ ಸಮೇತ. ಇಲ್ಲದ್ದು ಇಷ್ಟು ಚೆನ್ನಾಗಿ ಕಾಣುವುದಾದರೆ, ಅವತ್ತು ನಿಮ್ಮ ಮನೆಯಲ್ಲಿ ನಾನು ಕಣ್ಣಾರೆ ಕಂಡೆ ಎಂದದ್ದು ಏನು?

ಮೂರು ದಿನ ಬಿಟ್ಟು, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒಂದು ಹಳೆಯ ಬಿಲ್ಲಿನ ಹಿಂದೆ ಅದನ್ನು ಬರೆದೆ. ಮೇಷ್ಟ್ರು ಹೇಳಿಕೊಟ್ಟ ಹಾಗೆ, ಕಂಡದ್ದು ಮಾತ್ರ. ಮಧ್ಯಾಹ್ನ. ಬಾಗಿಲು ಓರೆಯಾಗಿತ್ತು. ನಾನು ಕೂಗದೆ ಒಳಗೆ ಬಂದೆ. ಅಮ್ಮ ಮಂಚದ ಮೇಲೆ, ಮುಖ ಗೋಡೆಯ ಕಡೆ. ನೀವು ಮಂಚದ ಪಕ್ಕ ನಿಂತಿದ್ದಿರಿ, ಬಲಗೈ ಹೆಗಲಿಗಿಂತ ಮೇಲಿತ್ತು, ಕೈಯಲ್ಲಿ ಒದ್ದೆ ಟವೆಲ್ ಇತ್ತು. ನೀವು ತಿರುಗಿ ನನ್ನನ್ನು ನೋಡಿದಿರಿ. ಕೈ ಸ್ವಲ್ಪ ಹೊತ್ತು ಹಾಗೇ ಮೇಲಿತ್ತು. “ಬಂದ್ಯಾ?” ಅಂದಿರಿ. ನಾನು ಅಮ್ಮನ ಮುಖವನ್ನು ನನ್ನ ಕಡೆ ತಿರುಗಿಸಿದೆ. ಎಡಗೆನ್ನೆ ಕೆಂಪಗಿತ್ತು. ಇಷ್ಟೇ. ಬಿಲ್ಲಿನ ಅರ್ಧವೂ ತುಂಬಲಿಲ್ಲ.

ಅವತ್ತು ಸಂಜೆ ಅಣ್ಣನಿಗೆ ಹೇಳಿದ್ದು ಬೇರೆ. “ಅತ್ತಿಗೆ ಅಮ್ಮಂಗೆ ಹೊಡೆದ್ರು, ನಾನೇ ಕಣ್ಣಾರೆ ನೋಡ್ದೆ” ಅಂದೆ. ಮರುದಿನ ಚಿಕ್ಕಮ್ಮನಿಗೆ ಹೇಳುವಾಗ ಅದಕ್ಕೆ ಸದ್ದು ಸೇರಿತು, ಬಾಗಿಲವರೆಗೂ ಕೇಳಿಸಿತು ಅಂದೆ. ನಮ್ಮವರಿಗೆ ಹೇಳುವಷ್ಟರಲ್ಲಿ ಅಮ್ಮನ ಕಣ್ಣಲ್ಲಿ ನೀರೂ ಬಂದಿತ್ತು. ಪಾರ್ಶ್ವವಾಯು ಆಗಿ ಮಾತು ನಿಂತುಹೋದ ಅಮ್ಮ ಹೌದೆನ್ನುವ ಹಾಗೂ ಇರಲಿಲ್ಲ, ಅಲ್ಲವೆನ್ನುವ ಹಾಗೂ ಇರಲಿಲ್ಲ. “ನನ್ನ ತಂಗಿ ಸುಳ್ಳು ಹೇಳೋಳಲ್ಲ” ಎಂದು ಅಣ್ಣ ಹೇಳಿದ್ದನ್ನು ನೀವು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿರಿ. ನಾನು ಅಮ್ಮನನ್ನು ನಮ್ಮ ಮನೆಗೆ ಕರೆತಂದೆ. ವಾರ ತುಂಬುವುದರೊಳಗೆ ನೀವು ನಿಮ್ಮ ಅಕ್ಕನ ಮನೆ ಸೇರಿದಿರಿ.

ಇನ್ನು ಬರೆಯುವುದನ್ನು ನಾನು ಇಂದಿಗೂ ನಮ್ಮವರಿಗೆ ಹೇಳಿಲ್ಲ. ನಮ್ಮ ಮನೆಗೆ ಬಂದ ಎರಡನೇ ದಿನವೇ ಅಮ್ಮನನ್ನು ಮಗ್ಗಲು ಬದಲಿಸುವಾಗ ನೋಡಿದೆ, ಒತ್ತಿ ಮಲಗಿದ್ದ ಕೆನ್ನೆ ಕೆಂಪಗಿತ್ತು. ಮಧ್ಯಾಹ್ನವೂ ಹಾಗೇ ಇತ್ತು, ಮರುದಿನವೂ. ನನಗೆ ಆಗಲೇ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡೆ. ಊರೆಲ್ಲ ಸಾರಿಯಾಗಿತ್ತು, ಈಗ ಯಾವ ಬಾಯಲ್ಲಿ ಹೇಳಲಿ? ಒಂಬತ್ತನೇ ದಿನ, ಮೂರನೇ ಸಲ ಬಟ್ಟೆ ಬದಲಿಸಿ ಸುಸ್ತಾಗಿದ್ದಾಗ, ಅಮ್ಮ ಗಂಜಿಯ ಬಟ್ಟಲನ್ನು ತಳ್ಳಿದಳು. ನಾನು ಅವಳ ಕೈಯನ್ನು ಹಿಡಿದ ರಭಸಕ್ಕೆ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳೂ ಮೂಡಿದವು. ಆಗ ನನ್ನ ಮನೆಯ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ಏಳು ವಾರಕ್ಕೆ ಅಮ್ಮ ಹೋದಳು. ನಿಮಗೆ ತಿಳಿಸಬೇಡ ಎಂದವಳು ನಾನು. ಅಣ್ಣ ಫೋನು ಕೈಗೆತ್ತಿಕೊಂಡಿದ್ದ, ನಾನೇ ತಡೆದೆ. ಎರಡು ವರ್ಷ ಅವಳ ತಲೆ ಬಾಚಿದ ನಿಮಗೆ ಅವಳ ಮುಖ ನೋಡಲು ಸಿಗಲಿಲ್ಲ. ಉಳಿದದ್ದೆಲ್ಲ ಒಂದು ತೂಕವಾದರೆ ಇದೇ ಒಂದು ತೂಕ. ಇದಕ್ಕೆ ಕ್ಷಮೆ ಕೇಳಿದರೆ ಅದು ಬಾಯುಪಚಾರದ ಮಾತಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ಹೋದ ಭಾನುವಾರ ಅಣ್ಣನ ಮನೆಗೆ ಹೋದೆ. ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರ್ ಅವನಿಗೆ ಇನ್ನೂ ಬರುವುದಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೈ ಮೇಲಿದ್ದದ್ದನ್ನು ಕಂಡೆ, ಕೈ ಬಿದ್ದದ್ದನ್ನು ಕಂಡಿಲ್ಲ, ಸದ್ದು ಕೇಳಿಲ್ಲ, ಕೆನ್ನೆ ನನ್ನ ಮನೆಯಲ್ಲೂ ಕೆಂಪಾಗುತ್ತಿತ್ತು. ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಮಂಚದ ಮೇಲೆ ಕೂತ. “ಮತ್ಯಾಕೆ ಹಾಗಂದೆ?” ಅಂತ ಕೇಳಿದ. ಆ ಪ್ರಶ್ನೆಗೆ ನಾನು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟು ನಿಜವನ್ನೇ ಹೇಳಿದೆ. ಅಮ್ಮನನ್ನು ನೋಡಲು ಪ್ರತಿ ಭಾನುವಾರ ಬರುತ್ತೇನೆ ಎಂದು ಹೇಳಿದ್ದವಳು ನಾನು. ಅವತ್ತು ಬಂದದ್ದು ಒಂಬತ್ತು ವಾರದ ಮೇಲೆ. ನೀವು ಕೆಟ್ಟವರಾದರೆ ನಾನು ಬಾರದೆ ಇದ್ದದ್ದು ಸಣ್ಣದಾಗುತ್ತಿತ್ತು, ಅತ್ತಿಗೆ. ಬಾಗಿಲಲ್ಲಿ ನಿಂತ ನನಗೆ ಅದೇ ಬೇಕಾಗಿತ್ತು.

ಅಣ್ಣ ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅರ್ಧ ಇಸ್ತ್ರಿಯಾದ ಆ ಅಂಗಿಯನ್ನು ಮಡಚಿಟ್ಟ. ಆಮೇಲೆ, “ನೀನು ಹೇಳಿದ್ದು ಒಂದು ಕಡೆ ಇರ್ಲಿ. ನಾನು ಅವಳನ್ನ ಒಂದು ಮಾತು ಕೇಳ್ಲಿಲ್ಲ ನೋಡು. ಹನ್ನೆರಡು ವರ್ಷ ಜತೇಲಿದ್ದೋಳನ್ನ” ಅಂದ. ನಿಮಗೆ ಕಾಗದ ಬರೆ ಅಂದೆ. “ನಂಗೆ ಯಾವ ಮುಖ ಇದೆ? ನೀನೇ ಬರೆ, ಎಲ್ಲಾ ಬರೆ” ಅಂದ. ಅವನ ಪರವಾಗಿ ನಾನು ಏನನ್ನೂ ಕೇಳುತ್ತಿಲ್ಲ. ವಾಪಸ್ ಬನ್ನಿ ಎನ್ನುವ ಹಕ್ಕೂ ನನಗಿಲ್ಲ. ಚಿಕ್ಕಮ್ಮನಿಗೆ, ನಮ್ಮವರಿಗೆ, ನಾನು ಯಾರ್ಯಾರ ಕಿವಿಗೆ ಹಾಕಿದ್ದೆನೋ ಅವರಿಗೆಲ್ಲ ನಾನೇ ಹೋಗಿ ಹೇಳಿ ಬರುತ್ತೇನೆ. ಚಿಕ್ಕಮ್ಮ ಮುಖಕ್ಕೆ ಉಗಿದರೂ ಉಗಿಯಲಿ.

ಒಂದು ಮಾತು ಮಾತ್ರ ಉಳಿಯಿತು. ನೀವು ಹೊಡೆಯಲೇ ಇಲ್ಲ ಎಂದು ಬರೆದುಬಿಟ್ಟರೆ ನನಗೆ ಹಗುರವಾಗುತ್ತದೆ, ಬಹುಶಃ ನಿಮಗೂ ಹಿತವಾಗುತ್ತದೆ. ಆದರೆ ಅದನ್ನೂ ನಾನು ಕಂಡಿಲ್ಲ. ಹಿಂದೆ ಕಾಣದ್ದನ್ನು ಹೇಳಿ ನಿಮ್ಮ ಬದುಕು ಕೆಡಿಸಿದೆ, ಈಗ ಕಾಣದ್ದನ್ನು ಹೇಳಿ ನಿಮ್ಮನ್ನು ಒಳ್ಳೆಯವರನ್ನಾಗಿ ಮಾಡಲು ನಾನು ಯಾರು? ಆ ಕೋಣೆಯಲ್ಲಿ ಏನಾಯಿತು ಎಂದು ಗೊತ್ತಿದ್ದವರು ಇಬ್ಬರು. ಒಬ್ಬರಿಗೆ ಮಾತಿರಲಿಲ್ಲ, ಈಗ ಅವರೇ ಇಲ್ಲ. ಮಾತು ಬರುತ್ತಿದ್ದ ನಿಮ್ಮನ್ನು ನಾವು ಯಾರೂ ಕೇಳಲಿಲ್ಲ.

ಅದಕ್ಕೇ ಈಗ ಕೇಳುತ್ತಿದ್ದೇನೆ. ಅವತ್ತು ಮಧ್ಯಾಹ್ನ ಏನಾಯಿತು, ಅತ್ತಿಗೆ? ಕೊಡವಿ ಒಣಹಾಕಲು ಟವೆಲ್ ಎತ್ತಿದ್ದರೆ ಹಾಗೆಂದು ಬರೆಯಿರಿ. ಹೊಡೆದಿದ್ದರೆ ಹೊಡೆದೆ ಎಂದು ಬರೆಯಿರಿ, ಆ ಸುಸ್ತು ಏನೆಂದು ನನಗೆ ಒಂಬತ್ತೇ ದಿನದಲ್ಲಿ ತಿಳಿದಿದೆ. ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆಯನ್ನೇ ಮಡಚಿ ಕಳಿಸಿ. ನೀವು ಏನು ಕಳಿಸಿದರೂ ಅದಕ್ಕೆ ನಾನು ನನ್ನದೊಂದು ಅಕ್ಷರವನ್ನೂ ಸೇರಿಸುವುದಿಲ್ಲ.

ನಿಮಗೆ ನೆಮ್ಮದಿಯ ನಿದ್ದೆ ಬರಲಿ. ನಿಮ್ಮ ಮಂಡಿನೋವು ಕಡಿಮೆಯಾಗಿರಲಿ.

ನಿಮ್ಮನ್ನು ನಾಲ್ಕು ವರ್ಷ ತಡವಾಗಿ ಕೇಳುತ್ತಿರುವ,
ನಿಮ್ಮ ನಾದಿನಿ